ಲಸಿಕೆ ಸುರಕ್ಷಿತವಾ? ಯಾವ ಪುರಾವೆಗೆ ಎಷ್ಟು ತೂಕ ಕೊಡಬೇಕು

ಲಸಿಕೆ ಬಗ್ಗೆ ವಾದ ಶುರುವಾದರೆ ಎಲ್ಲರ ಕೈಯಲ್ಲೂ ಪುರಾವೆ ಇರುತ್ತದೆ. ಒಬ್ಬರು ಪಕ್ಕದ ಮನೆಯ ಮಗುವಿಗೆ ಏನಾಯಿತು ಅಂತ ಹೇಳುತ್ತಾರೆ. ಇನ್ನೊಬ್ಬರು ಲಕ್ಷಗಟ್ಟಲೆ ಮಕ್ಕಳ ಅಧ್ಯಯನದ ಲಿಂಕ್ ಕಳಿಸುತ್ತಾರೆ. ಮೂರನೆಯವರು ಯಾವುದೋ ಸರ್ಕಾರಿ ದಾಖಲೆಯಿಂದ ತೆಗೆದ "ಲಸಿಕೆಯ ನಂತರ ಇಷ್ಟು ಸಾವು" ಅನ್ನುವ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಮೂರೂ ನಿಜವೇ ಇರಬಹುದು. ತೊಂದರೆ ಏನಪ್ಪಾ ಅಂದರೆ, ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ.

ಹಾಗಾಗಿ ಇಲ್ಲಿ ಪುರಾವೆಗಳನ್ನೇ ಒಂದಕ್ಕೊಂದು ಹೋಲಿಸಿದ್ದೇನೆ. ಕೊನೆಯಲ್ಲಿ ಎರಡು ಬಗೆಯ ಲಸಿಕೆಗಳ ನಡುವೆ ಆಯ್ಕೆ ಬಂದಾಗ ಇವು ಹೇಗೆ ಕೆಲಸಕ್ಕೆ ಬರುತ್ತವೆ ಅಂತಲೂ ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: "ಎಲ್ಲಕ್ಕಿಂತ ಒಳ್ಳೆಯ ಪುರಾವೆ" ಅಂತ ಒಂದಿಲ್ಲ. ನೀವು ಹುಡುಕುತ್ತಿರುವ ತೊಂದರೆ ಎಷ್ಟು ಅಪರೂಪದ್ದು ಅನ್ನುವುದರ ಮೇಲೆ ಯಾವ ಪುರಾವೆ ಬೇಕು ಅನ್ನುವುದು ನಿಂತಿದೆ.

ಒಬ್ಬರ ಅನುಭವ

ಇದನ್ನು ಪೂರ್ತಿ ತಳ್ಳಿಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಚುಚ್ಚಿದ ಹತ್ತು ನಿಮಿಷದಲ್ಲಿ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ರಕ್ತದೊತ್ತಡ ಕುಸಿದರೆ ಅದು ತೀವ್ರ ಅಲರ್ಜಿ ಅಂತ ಹೇಳಲು ಲಕ್ಷ ಜನರ ಅಧ್ಯಯನ ಬೇಕಾಗಿಲ್ಲ. ಅದು ಎಷ್ಟು ಸಲ ಆಗುತ್ತದೆ ಅಂತ ತಿಳಿಯಲು ಮಾತ್ರ ಬೇಕು. ಅಮೆರಿಕದ ಒಂದು ದೊಡ್ಡ ಲೆಕ್ಕದಲ್ಲಿ ಅದು 10 ಲಕ್ಷ ಡೋಸಿಗೆ ಸುಮಾರು 1.3. ಲಸಿಕೆ ಹಾಕಿದ ಮೇಲೆ ಸ್ವಲ್ಪ ಹೊತ್ತು ಕೂತಿರಿ ಅನ್ನುವುದು ಇದಕ್ಕೇ.

ಕೆಲವೊಮ್ಮೆ ತೊಂದರೆ ತನ್ನ ಗುರುತನ್ನೇ ಬಿಟ್ಟು ಹೋಗಿರುತ್ತದೆ. ಬಾಯಿಗೆ ಹನಿ ಹಾಕುವ ಪೋಲಿಯೊ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಬಲು ಅಪರೂಪಕ್ಕೆ ಅದೇ ಪಾರ್ಶ್ವವಾಯು ತರುತ್ತದೆ. ಮಗುವಿನ ಮಲದಲ್ಲಿ ಸಿಕ್ಕ ವೈರಸ್ಸಿನ ಜೀನ್ ಓದಿದರೆ ಅದು ಲಸಿಕೆಯದ್ದಾ, ಹೊರಗಿನದ್ದಾ ಅಂತ ಗೊತ್ತಾಗುತ್ತದೆ. ಇಂಥ ಕಡೆ ಒಂದು ಪ್ರಕರಣವೂ ಗಟ್ಟಿ ಪುರಾವೆ.

ಆದರೆ ಗುರುತು ಇಲ್ಲದ ಕಡೆ? ಆಟಿಸಂ, ಫಿಟ್ಸ್, ಬೆಳವಣಿಗೆ ಕುಂಠಿತ, ಇವು ಲಸಿಕೆ ಹಾಕದ ಮಕ್ಕಳಲ್ಲೂ ಬರುತ್ತವೆ, ಅದೂ ಲಸಿಕೆ ಹಾಕುವ ವಯಸ್ಸಿನಲ್ಲೇ ಕಣ್ಣಿಗೆ ಬೀಳುತ್ತವೆ. ಅಲ್ಲಿ "ಮೊದಲು ಚೆನ್ನಾಗಿತ್ತು, ಆಮೇಲೆ ಹೀಗಾಯಿತು" ಅನ್ನುವುದು ಸಾಲುವುದಿಲ್ಲ. ನಾಯಿಕೆಮ್ಮಿನ ಲಸಿಕೆಯಿಂದ ಮೆದುಳು ಹಾಳಾಯಿತು ಅಂತ ನಂಬಲಾಗಿದ್ದ 14 ಜನರನ್ನು ಪರೀಕ್ಷಿಸಿದ ಒಂದು ಅಧ್ಯಯನ 2006ರಲ್ಲಿ ಬಂತು. ಅವರಲ್ಲಿ 11 ಮಂದಿಗೆ ಎಸ್‌ಸಿಎನ್1ಎ ಅನ್ನುವ ಜೀನಿನಲ್ಲಿ ದೋಷ ಇತ್ತು. ಅಂದರೆ ಅದು ಹುಟ್ಟಿನಿಂದಲೇ ಬಂದ ಅಪಸ್ಮಾರ. ಲಸಿಕೆಯ ಜ್ವರ ಮೊದಲ ಫಿಟ್ಸ್ ಎಬ್ಬಿಸಿರಬಹುದು, ರೋಗ ಮಾತ್ರ ಮೊದಲೇ ಒಳಗಿತ್ತು. ಆ ತಂದೆತಾಯಿ ಸುಳ್ಳು ಹೇಳಿರಲಿಲ್ಲ, ಕಂಡದ್ದನ್ನೇ ಹೇಳಿದ್ದರು. ಅದಕ್ಕೇ ಇದು ಕಷ್ಟ.

1998ರಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ) ಲಸಿಕೆಯನ್ನೂ ಆಟಿಸಮ್ಮನ್ನೂ ಒಟ್ಟಿಗೆ ತಂದ ಆಂಡ್ರೂ ವೇಕ್‌ಫೀಲ್ಡ್ ಲೇಖನದಲ್ಲಿ ಇದ್ದದ್ದು 12 ಮಕ್ಕಳು. ಹೋಲಿಸಲು ಬೇರೆ ಗುಂಪೇ ಇರಲಿಲ್ಲ. ಮಕ್ಕಳ ವಿವರಗಳನ್ನು ತಿರುಚಿದ್ದು ಆಮೇಲೆ ಹೊರಬಂತು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಲೇಖನ ಹಿಂತೆಗೆದುಕೊಂಡಿತು, ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಅವರ ಹೆಸರೂ ಹೋಯಿತು.

ದೂರುಗಳ ದಾಖಲೆ

ಸ್ಕ್ರೀನ್‌ಶಾಟ್‌ಗಳು ಜಾಸ್ತಿ ಬರುವುದು ಇಲ್ಲಿಂದ. ಲಸಿಕೆಯ ನಂತರ ಆದ ತೊಂದರೆಗಳ ವರದಿ ಸೇರಿಸಿಡುವ ಅಮೆರಿಕದ ಸರ್ಕಾರಿ ವ್ಯವಸ್ಥೆ ವ್ಯಾಯರ್ಸ್ 1990ರಿಂದ ಇದೆ. ಅಂಥದ್ದೇ ಬ್ರಿಟನ್ನಿನ ಯೆಲ್ಲೋ ಕಾರ್ಡ್, ಗರ್ಭಿಣಿಯರು ತೆಗೆದುಕೊಂಡ ಥಾಲಿಡೊಮೈಡ್ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದ ಅನಾಹುತದ ನಂತರ 1964ರಲ್ಲಿ ಬಂತು. ವ್ಯಾಯರ್ಸ್‌ಗೆ ಯಾರು ಬೇಕಾದರೂ ವರದಿ ಹಾಕಬಹುದು: ವೈದ್ಯರು, ತಾಯಂದಿರು, ವಕೀಲರು. ಇನ್‌ಫ್ಲುಯೆಂಜಾ ಲಸಿಕೆ ತನ್ನನ್ನು ಹಸಿರು ದೈತ್ಯ ಹಲ್ಕ್ ಮಾಡಿಬಿಟ್ಟಿತು ಅಂತ ವೈದ್ಯರೊಬ್ಬರು ಬೇಕಂತಲೇ ವರದಿ ಹಾಕಿ ನೋಡಿದ್ದರು, ಅದು ದಾಖಲಾಗಿಯೂ ಬಿಟ್ಟಿತ್ತು. ಆಮೇಲೆ ಅವರಿಗೆ ಫೋನ್ ಬಂತು, ಒಪ್ಪಿಗೆ ಕೇಳಿ ತೆಗೆದುಹಾಕಿದರು.

ಇದನ್ನು ಕೇಳಿ ನಗುವವರು ಒಂದು ವಿಷಯ ಮರೆಯುತ್ತಾರೆ. ಬಾಗಿಲು ತೆರೆದಿರುವುದು ದೋಷ ಅಲ್ಲ, ಅದನ್ನು ಕಟ್ಟಿದ್ದೇ ಹಾಗೆ. ಮನೆಯ ಹೊಗೆ ಅಲಾರಂ ಒಗ್ಗರಣೆಗೂ ಕೂಗುತ್ತದೆ. ಕೂಗಿದ ತಕ್ಷಣ ಮನೆ ಸುಟ್ಟಿತು ಅನ್ನಲಾಗುವುದಿಲ್ಲ. ಹಾಗಂತ ಅಲಾರಂ ಕಿತ್ತು ಬಿಸಾಡುವುದೂ ಇಲ್ಲ, ಅಲ್ವಾ?

ದೂರಿನ ಸಂಖ್ಯೆಯನ್ನು ಓದಲು ಒಂದು ಸಣ್ಣ ಲೆಕ್ಕ ಬೇಕು. ಒಂದು ಕಾಯಿಲೆ ವರ್ಷಕ್ಕೆ 10 ಲಕ್ಷ ಜನರಲ್ಲಿ 520 ಮಂದಿಗೆ ಹೇಗಿದ್ದರೂ ಬರುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ ವಾರಕ್ಕೆ 10. ಈಗ 1 ಕೋಟಿ ಜನರಿಗೆ ಲಸಿಕೆ ಹಾಕಿ. ಲಸಿಕೆಯ ಬದಲು ಬರೀ ನೀರು ಚುಚ್ಚಿದ್ದರೂ ಮೊದಲ ವಾರದೊಳಗೆ 100 ಮಂದಿಗೆ ಆ ಕಾಯಿಲೆ ಬರುತ್ತದೆ. ಆ 100 ಮನೆಯಲ್ಲಿ "ಲಸಿಕೆ ಹಾಕಿಸಿಕೊಂಡ ವಾರದಲ್ಲೇ" ಅನ್ನುವ ಕಥೆ ಹುಟ್ಟುತ್ತದೆ. ಹಾಗಾಗಿ ಯಾರಾದರೂ 100 ಅಂದರೆ ನೀವು ಕೇಳಬೇಕಾದ್ದು: ಹಾಗೆಯೇ ಬಿಟ್ಟಿದ್ದರೆ ಎಷ್ಟು ಬರುತ್ತಿತ್ತು? ಈ ಎರಡನೇ ಅಂಕಿ ಇಲ್ಲದ ಸ್ಕ್ರೀನ್‌ಶಾಟನ್ನು ನಾನಂತೂ ಸುಮ್ನೆ ಬಿಟ್ಟು ಮುಂದೆ ಹೋಗುತ್ತೇನೆ.

ಕೆಲವೊಮ್ಮೆ ಸಂಖ್ಯೆಗಿಂತ ತೊಂದರೆಯ ವಿಚಿತ್ರ ರೂಪವೇ ಎಚ್ಚರಿಸುತ್ತದೆ. 2021ರ ಮಾರ್ಚಿನಲ್ಲಿ ಆಸ್ಟ್ರಾಜೆನೆಕಾ ಕೋವಿಡ್ ಲಸಿಕೆಯ ನಂತರ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಪ್ರಕರಣಗಳು ಯುರೋಪಿನಲ್ಲಿ ಕಂಡವು, ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಕುಸಿತ. ರಕ್ತ ಹೆಪ್ಪುಗಟ್ಟುವುದು ಹೊಸದಲ್ಲ, ಪ್ಲೇಟ್‌ಲೆಟ್ ಇಳಿಯುವುದೂ ಹೊಸದಲ್ಲ, ಆದರೆ ಎರಡೂ ಒಟ್ಟಿಗೆ, ಆರೋಗ್ಯವಾಗಿದ್ದ ಚಿಕ್ಕ ವಯಸ್ಸಿನವರಲ್ಲಿ, ಲಸಿಕೆಯಾದ ಒಂದೆರಡು ವಾರದಲ್ಲಿ! ವಾರಗಳೊಳಗೆ ಅದಕ್ಕೆ ಕಾರಣವಾದ ಪ್ರತಿಕಾಯವೂ ಗೊತ್ತಾಯಿತು. ಏಪ್ರಿಲ್‌ನಲ್ಲಿ ಬ್ರಿಟನ್ 30ಕ್ಕಿಂತ ಕಡಿಮೆ ವಯಸ್ಸಿನವರಿಗೆ ಬೇರೆ ಲಸಿಕೆ ಕೊಡಿ ಅಂತ ಹೇಳಿತು, ಮೇ ತಿಂಗಳಲ್ಲಿ ಅದನ್ನು 40ಕ್ಕೆ ಏರಿಸಿತು.

ಟ್ರಯಲ್: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಲಸಿಕೆ, ಇನ್ನೊಬ್ಬರಿಗೆ ಏನೂ ಇಲ್ಲದ ಪ್ಲಸೀಬೊ. ಯಾರಿಗೆ ಯಾವುದು ಸಿಕ್ಕಿತು ಅಂತ ಯಾರಿಗೂ ಗೊತ್ತಿಲ್ಲ. ಸಾಮಾನ್ಯ ಅಡ್ಡಪರಿಣಾಮಗಳ ವಿಷಯದಲ್ಲಿ ಇದನ್ನು ಮೀರಿಸುವ ಪುರಾವೆ ಇಲ್ಲ. ಕೋವಿಡ್ ಲಸಿಕೆಗಳ 12 ಟ್ರಯಲ್‌ಗಳನ್ನು ಸೇರಿಸಿ ನೋಡಿದ ಒಂದು ಲೆಕ್ಕ ನನಗೆ ಬಹಳ ಇಷ್ಟ. ಮೊದಲ ಡೋಸಿನ ನಂತರ ಲಸಿಕೆ ಪಡೆದವರಲ್ಲಿ 46% ಜನ ತಲೆನೋವು, ಸುಸ್ತು ಇಂಥದ್ದು ಹೇಳಿದರು. ಪ್ಲಸೀಬೊ ಪಡೆದವರಲ್ಲಿ? 35%! ಮೂರರಲ್ಲಿ ಒಬ್ಬರಿಗೆ ಬರೀ ನಿರೀಕ್ಷೆಯಿಂದಲೋ, ಅದೇ ದಿನ ಹೇಗೂ ಬರಬೇಕಿದ್ದ ತಲೆನೋವಿನಿಂದಲೋ ಮೈ ಸರಿಯಿರಲಿಲ್ಲ. ಹಾಗಂತ ಎಲ್ಲ ಮನಸ್ಸಿನ ಆಟ ಅಂತ ಓಡಬೇಡಿ. ಎರಡನೇ ಡೋಸಿಗೆ ಅದೇ ಅಂಕಿ 61% ಮತ್ತು 32%. ಆ ಅಂತರ ಲಸಿಕೆಯದ್ದೇ.

ಟ್ರಯಲ್ ಸೋಲುವುದು ಅಪರೂಪದ ತೊಂದರೆಯ ಮುಂದೆ. ಇದಕ್ಕೊಂದು ಸುಲಭ ಸೂತ್ರ ಇದೆ: ಎಷ್ಟು ಜನರಲ್ಲಿ ಒಮ್ಮೆಯೂ ಕಾಣಿಸಲಿಲ್ಲವೋ ಆ ಸಂಖ್ಯೆಯನ್ನು 3ರಿಂದ ಭಾಗಿಸಿ. 30,000 ಜನ ಲಸಿಕೆ ಪಡೆದು ಯಾರಿಗೂ ಒಂದು ತೊಂದರೆ ಬರಲಿಲ್ಲ ಅಂದರೆ, ಅದು 10,000ಕ್ಕೆ ಒಂದಕ್ಕಿಂತ ಜಾಸ್ತಿ ಇರಲಾರದು ಅಂತ 95% ಧೈರ್ಯದಲ್ಲಿ ಹೇಳಬಹುದು. ಅಷ್ಟೇ. 50,000ಕ್ಕೆ ಒಂದು ಇದ್ದರೆ ಆ ಟ್ರಯಲ್‌ಗೆ ಅದು ಕಾಣಿಸದೇ ಹೋಗಬಹುದು. "ಟ್ರಯಲ್‌ನಲ್ಲಿ ಬರಲಿಲ್ಲ, ಹಾಗಾಗಿ ಇಲ್ಲವೇ ಇಲ್ಲ" ಅನ್ನುವವರೂ "ಟ್ರಯಲ್‌ನಲ್ಲಿ ಮುಚ್ಚಿಟ್ಟರು" ಅನ್ನುವವರೂ ಈ ಒಂದು ಭಾಗಾಕಾರ ಮಾಡಿದರೆ ಅರ್ಧ ಜಗಳ ಮುಗಿಯುತ್ತದೆ.

ರೋಟಾಶೀಲ್ಡ್ ಕಥೆಯಲ್ಲಿ ಇದೆಲ್ಲವೂ ಒಟ್ಟಿಗೆ ಸಿಗುತ್ತದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಕ್ಕಳ ಭೇದಿಗೆ ಕಾರಣವಾಗುವ ರೋಟಾವೈರಸ್ ವಿರುದ್ಧದ ಲಸಿಕೆ ಅದು. 1998ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದಕ್ಕೂ ಮೊದಲಿನ ಟ್ರಯಲ್‌ಗಳಲ್ಲಿ, ಕರುಳಿನ ಒಂದು ಭಾಗ ಇನ್ನೊಂದರೊಳಗೆ ಹೊಕ್ಕಿ ಸಿಕ್ಕಿಕೊಳ್ಳುವ ಇಂಟಸಸೆಪ್ಷನ್ ಅನ್ನುವ ತೊಂದರೆ ಲಸಿಕೆ ಪಡೆದ 10,054 ಮಕ್ಕಳಲ್ಲಿ 5 ಮಂದಿಗೆ, ಪಡೆಯದ 4,633 ಮಕ್ಕಳಲ್ಲಿ 1 ಮಗುವಿಗೆ ಬಂದಿತ್ತು. ವ್ಯತ್ಯಾಸ ಇದೆ ಅನಿಸುತ್ತದೆ, ಆದರೆ ಇಷ್ಟು ಸಣ್ಣ ಅಂಕಿಯಲ್ಲಿ ಆಕಸ್ಮಿಕವೂ ಇರಬಹುದು. ಟ್ರಯಲ್ ಪಿಸುಗುಟ್ಟಿತ್ತು, ಅಷ್ಟೇ. ಲಸಿಕೆ ಬಳಕೆಗೆ ಬಂದ ಮೇಲೆ ವ್ಯಾಯರ್ಸ್‌ಗೆ ಇಂಥ 15 ವರದಿ ಬಂದವು. 1999ರ ಜುಲೈನಲ್ಲಿ ಲಸಿಕೆ ಕೊಡುವುದನ್ನು ತಡೆದರು. ಆಮೇಲೆ ಸರಿಯಾಗಿ ಹೋಲಿಸಿ ನೋಡಿದಾಗ ಅಪಾಯ ನಿಜ ಅಂತ ಆಯಿತು, ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ. ಅಕ್ಟೋಬರ್ ಹೊತ್ತಿಗೆ ಲಸಿಕೆ ಮಾರುಕಟ್ಟೆಯಿಂದಲೇ ಹೊರಗೆ.

ಮುಂದಿನ ರೋಟಾ ಲಸಿಕೆಗಳಾದ ರೋಟಾರಿಕ್ಸ್ ಮತ್ತು ರೋಟಾಟೆಕ್‌ಗಳ ಟ್ರಯಲ್ ಒಂದೊಂದರಲ್ಲೂ 60,000ಕ್ಕಿಂತ ಹೆಚ್ಚು ಕೂಸುಗಳಿದ್ದವು. ಈ ಒಂದು ತೊಂದರೆಯನ್ನು ಹಿಡಿಯಲೆಂದೇ ಅಷ್ಟು ದೊಡ್ಡ ಟ್ರಯಲ್. ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಆದರೆ ಲಕ್ಷಾಂತರ ಮಕ್ಕಳಿಗೆ ಕೊಟ್ಟ ಮೇಲೆ ಸಣ್ಣ ಅಪಾಯವೊಂದು ಸಿಕ್ಕೇ ಸಿಕ್ಕಿತು, ಸುಮಾರು 20,000ದಿಂದ 1 ಲಕ್ಷ ಮಕ್ಕಳಲ್ಲಿ ಒಬ್ಬರಿಗೆ. ಮುಚ್ಚಿಟ್ಟದ್ದಲ್ಲ, ಟ್ರಯಲ್‌ನ ಜರಡಿಯ ಕಣ್ಣು ಅದಕ್ಕಿಂತ ದೊಡ್ಡದಿತ್ತು. ಇದು ಗೊತ್ತಿದ್ದೂ ಲಸಿಕೆ ಉಳಿಯಿತು. ಭೇದಿಯಿಂದ ಆಸ್ಪತ್ರೆ ಸೇರುವ, ಸಾಯುವ ಮಕ್ಕಳ ಸಂಖ್ಯೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ರೋಟಾಶೀಲ್ಡ್ ವಾಪಸ್ ಹೋದಾಗಲೂ ಇದೇ ಮಾತು ಎದ್ದಿತ್ತು: ಭೇದಿಯಿಂದ ಮಕ್ಕಳು ಸಾಯುವುದೇ ಅಪರೂಪವಾದ ದೇಶದ ತೀರ್ಮಾನ, ಲಕ್ಷಗಟ್ಟಲೆ ಸಾಯುತ್ತಿದ್ದ ದೇಶಗಳಿಗೂ ಅನ್ವಯಿಸಬೇಕಾ? ನನಗೆ ಈಗಲೂ ಅದಕ್ಕೆ ನೆಮ್ಮದಿಯ ಉತ್ತರ ಸಿಕ್ಕಿಲ್ಲ.

ಇಡೀ ದೇಶದ ದಾಖಲೆ

ಡೆನ್ಮಾರ್ಕಿನಲ್ಲಿ ಪ್ರತಿಯೊಬ್ಬರಿಗೂ ಹುಟ್ಟಿನಿಂದ ಒಂದು ಸಂಖ್ಯೆ. ಲಸಿಕೆ, ಆಸ್ಪತ್ರೆ, ರೋಗ ಎಲ್ಲವೂ ಅದಕ್ಕೇ ಸೇರುತ್ತವೆ. ಎಂಎಂಆರ್ ಮತ್ತು ಆಟಿಸಂ ಬಗ್ಗೆ ಅಲ್ಲಿ 2002ರಲ್ಲಿ 5,37,303 ಮಕ್ಕಳ ಅಧ್ಯಯನ ಬಂತು, 2019ರಲ್ಲಿ 6,57,461 ಮಕ್ಕಳದ್ದು. ಎರಡರಲ್ಲೂ ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಎರಡನೆಯದರಲ್ಲಿ ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಮಕ್ಕಳನ್ನು ಬೇರೆಯಾಗಿಯೂ ನೋಡಿದರು, ಅಲ್ಲೂ ಇಲ್ಲ. 2025ರಲ್ಲಿ ಲಸಿಕೆಯಲ್ಲಿರುವ ಅಲ್ಯೂಮಿನಿಯಂ ಬಗ್ಗೆ 12 ಲಕ್ಷ ಮಕ್ಕಳನ್ನು, 50 ದೀರ್ಘಕಾಲದ ಕಾಯಿಲೆಗಳನ್ನು ಹಿಡಿದು ನೋಡಿದರು. ಅಪಾಯ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ.

12 ಮಕ್ಕಳಿಗೆ ಎದುರು ಆರೂವರೆ ಲಕ್ಷ. ಹೋಲಿಕೆ ಇಲ್ಲಿಗೇ ಮುಗಿಯಿತು ಅನಿಸಬಹುದು. ಆದರೆ ಈ ಬಗೆಗೂ ಒಂದು ಕಾಯಿಲೆ ಇದೆ. ಲಸಿಕೆ ಹಾಕಿಸುವ ಮನೆ, ಹಾಕಿಸದ ಮನೆ ಒಂದೇ ತರಹ ಇರುವುದಿಲ್ಲ. ಮಗುವಿಗೆ ಮೈ ಹುಷಾರಿಲ್ಲದಿದ್ದರೆ ಲಸಿಕೆ ಮುಂದೂಡುತ್ತಾರೆ, ಹಾಗಾಗಿ ಲಸಿಕೆ ಪಡೆದವರು ಮೊದಲೇ ಗಟ್ಟಿಯಾಗಿರುತ್ತಾರೆ. ಲಸಿಕೆ ಪಡೆದವರಲ್ಲಿ ಎಲ್ಲ ಕಾಯಿಲೆಯೂ ಕಡಿಮೆ ಅಂತ ಯಾವುದಾದರೂ ಅಧ್ಯಯನ ಹೇಳಿದರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ.

ಇದನ್ನು ದಾಟಲು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಪ್ಯಾಡಿ ಫ್ಯಾರಿಂಗ್ಟನ್ 1990ರ ದಶಕದಲ್ಲಿ ಒಂದು ಜಾಣ ದಾರಿ ಹುಡುಕಿದರು. ಒಂದು ಮಗುವನ್ನು ಇನ್ನೊಂದರ ಜೊತೆ ಹೋಲಿಸಲೇಬೇಡಿ. ತೊಂದರೆಯಾದ ಮಗುವನ್ನೇ ತೆಗೆದುಕೊಂಡು, ಲಸಿಕೆಯ ನಂತರದ ಎರಡು ವಾರ ಮತ್ತು ಅದೇ ಮಗುವಿನ ಉಳಿದ ದಿನಗಳನ್ನು ಹೋಲಿಸಿ. ಮನೆ ಅದೇ, ಜೀನ್ ಅದೇ, ಊಟ ಅದೇ. ಎಂಎಂಆರ್ ನಂತರ ಜ್ವರದ ಫಿಟ್ಸ್ ಯಾವಾಗ ಅಂತ ಇಂಥ ಲೆಕ್ಕದಲ್ಲಿ ಚೊಕ್ಕವಾಗಿ ಕಾಣುತ್ತದೆ. ಚುಚ್ಚಿದ ದಿನ ಅಲ್ಲ, 6ರಿಂದ 14 ದಿನದ ನಡುವೆ. ಲಸಿಕೆಯ ವೈರಸ್ ಮೈಯಲ್ಲಿ ಬೆಳೆಯಲು ಅಷ್ಟು ದಿನ ಬೇಕು, ಜ್ವರ ಆಗ ಬರುತ್ತದೆ. ನಾಯಿಕೆಮ್ಮಿನ ಲಸಿಕೆಯಲ್ಲಿ ಬೆಳೆಯುವಂಥದ್ದು ಏನೂ ಇಲ್ಲ, ಅದರ ಜ್ವರ ಅದೇ ದಿನವೋ ಮರುದಿನವೋ. ಅಂಕಿಯೂ ದೇಹದ ಗಡಿಯಾರವೂ ಹೀಗೆ ಒಂದೇ ಮಾತು ಹೇಳಿದಾಗ ನಾನು ನಂಬುತ್ತೇನೆ. ಆದರೆ ನಿಧಾನವಾಗಿ, ಯಾವಾಗ ಶುರುವಾಯಿತು ಅಂತಲೇ ಗೊತ್ತಾಗದ ಕಾಯಿಲೆಗೆ ಈ ದಾರಿ ಅಷ್ಟು ಒಗ್ಗುವುದಿಲ್ಲ, ಅಲ್ಲಿಗೆ ಡೆನ್ಮಾರ್ಕ್ ತರಹದ್ದೇ ಬೇಕು.

ಈಗ ನಿಜವಾದ ಆಯ್ಕೆಗಳು

"ಲಸಿಕೆ ಬೇಕಾ ಬೇಡವಾ" ಅನ್ನುವುದಕ್ಕಿಂತ "ಈ ಬಗೆಯಾ ಆ ಬಗೆಯಾ" ಅನ್ನುವ ಕಡೆ ಈ ಪುರಾವೆಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಎಂಎಂಆರ್ ಜೊತೆ ಚಿಕನ್‌ಪಾಕ್ಸ್ ಲಸಿಕೆಯನ್ನು ಬೇರೆ ಚುಚ್ಚುವುದಾ, ಅಥವಾ ನಾಲ್ಕೂ ಸೇರಿದ ಎಂಎಂಆರ್‌ವಿ ಒಂದೇ ಚುಚ್ಚುವುದಾ? ಒಂದು ಚುಚ್ಚು ಕಡಿಮೆ ಅಂದರೆ ಮಗುವಿಗೂ ಅಮ್ಮನಿಗೂ ಖುಷಿ. ಆದರೆ ಒಂದರಿಂದ ಎರಡು ವರ್ಷದ ಮಕ್ಕಳ ಮೊದಲ ಡೋಸಿನಲ್ಲಿ, ಬೇರೆ ಬೇರೆ ಚುಚ್ಚಿದ್ದಕ್ಕೆ ಹೋಲಿಸಿದರೆ ಸೇರಿದ ಲಸಿಕೆಯಲ್ಲಿ ಸುಮಾರು 2,300 ಮಕ್ಕಳಿಗೆ ಒಂದು ಜ್ವರದ ಫಿಟ್ಸ್ ಜಾಸ್ತಿ. ಎಂಎಂಆರ್ ಒಂದೇ ಆದರೂ 3,000ದಿಂದ 4,000 ಮಕ್ಕಳಿಗೆ ಒಂದು ಇದ್ದೇ ಇದೆ. ಜ್ವರದ ಫಿಟ್ಸ್ ನೋಡುವವರಿಗೆ ಜೀವ ಬಾಯಿಗೆ ಬರುತ್ತದೆ, ಆದರೆ ಮಗುವಿಗೆ ಸಾಮಾನ್ಯವಾಗಿ ಶಾಶ್ವತ ಹಾನಿ ಮಾಡುವುದಿಲ್ಲ. ಮಗುವಿಗೋ ಮನೆಯಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರಿಗೋ ಫಿಟ್ಸ್ ಬಂದಿದ್ದರೆ ಬೇರೆ ಬೇರೆಯೇ ಚುಚ್ಚಿಸಿ. ಇಲ್ಲದಿದ್ದರೂ ಮೊದಲ ಡೋಸಿಗೆ ನಾನು ಅದನ್ನೇ ಆರಿಸುತ್ತೇನೆ. 4ರಿಂದ 6 ವರ್ಷದ ಎರಡನೇ ಡೋಸಿಗೆ ಈ ವ್ಯತ್ಯಾಸ ಕಂಡಿಲ್ಲ. ಇನ್ನು ಎರಡೂ ಬೇಡ ಅನ್ನುವುದೂ ಒಂದು ಆಯ್ಕೆ ತಾನೆ? ಹಾಗಿದ್ದರೆ ಅದನ್ನೂ ತಕ್ಕಡಿಗೆ ಹಾಕಿ: ದಡಾರ ಬಂದ ಸುಮಾರು 1,000 ಮಕ್ಕಳಲ್ಲಿ ಒಬ್ಬರಿಗೆ ಮೆದುಳಿನ ಉರಿಯೂತ.

ನಾಯಿಕೆಮ್ಮಿಗೆ ಎರಡು ಬಗೆ. ಹಳೆಯದರಲ್ಲಿ ಇಡೀ ಸತ್ತ ಬ್ಯಾಕ್ಟೀರಿಯಾ, ಹೊಸದರಲ್ಲಿ ಅದರ ಕೆಲವು ತುಣುಕು ಮಾತ್ರ. ಹಳೆಯದರಲ್ಲಿ ಜ್ವರ, ಊತ, ಗಂಟೆಗಟ್ಟಲೆ ಅಳು ಜಾಸ್ತಿ. ಹೊಸದು ಸೌಮ್ಯ, ಆದರೆ ಅದರ ರಕ್ಷಣೆ ಬೇಗ ಕರಗುತ್ತದೆ. ಸೌಮ್ಯವಾದದ್ದೇ ಒಳ್ಳೆಯದು ಅಂತ ಕಣ್ಣು ಮುಚ್ಚಿ ಹೇಳಲಾಗದು, ಎರಡರಲ್ಲಿ ಯಾವುದು ಸಿಕ್ಕಿದರೂ ಹಾಕಿಸಿ ಅನ್ನುತ್ತೇನೆ. ಹೊಸದು ಮೊದಲು ಬಂದದ್ದು ಜಪಾನಿನಲ್ಲಿ, ಅದೂ ಪೆಟ್ಟು ತಿಂದ ಮೇಲೆ. 1975ರ ಹೊತ್ತಿಗೆ ಲಸಿಕೆಯ ನಂತರ ಎರಡು ಸಾವು ವರದಿಯಾಗಿ ಅಲ್ಲಿ ಲಸಿಕೆ ಹಾಕಿಸುವವರ ಸಂಖ್ಯೆ ಕುಸಿಯಿತು. 1974ರಲ್ಲಿ ದೇಶದಲ್ಲಿ ನಾಯಿಕೆಮ್ಮಿನ ಪ್ರಕರಣ 400ರ ಆಸುಪಾಸು, ಸಾವು ಇಲ್ಲ. 1979ರಲ್ಲಿ 13,000 ಪ್ರಕರಣ, 41 ಸಾವು.

ಎಂಆರ್‌ಎನ್‌ಎ ಬಗೆಯ ಕೋವಿಡ್ ಲಸಿಕೆಯಲ್ಲಿ (ಫೈಜರ್, ಮಾಡರ್ನಾ) ಹೃದಯ ಸ್ನಾಯುವಿನ ಉರಿಯೂತದ ಅಪಾಯ ನಿಜ. ಹೆಚ್ಚಾಗಿ ಹದಿಹರೆಯದ ಹುಡುಗರಿಗೆ, ಎರಡನೇ ಡೋಸಿನ ಕೆಲವೇ ದಿನದಲ್ಲಿ. ಅಮೆರಿಕದಲ್ಲಿ ಫೈಜರ್ ಲಸಿಕೆಗೆ 16–17 ವರ್ಷದ ಹುಡುಗರಲ್ಲಿ 10 ಲಕ್ಷ ಎರಡನೇ ಡೋಸಿಗೆ ಸುಮಾರು 106. ಅದೇ ಅಂಕಿಯನ್ನು ಅಜ್ಜಿಗೆ ಹೇಳಿ ಹೆದರಿಸುವುದೂ ತಪ್ಪು, ಎಲ್ಲ ವಯಸ್ಸನ್ನೂ ಕಲಸಿ ಸರಾಸರಿ ತೆಗೆದು ಹುಡುಗನಿಗೆ ಧೈರ್ಯ ಹೇಳುವುದೂ ತಪ್ಪು. ಮಾಡರ್ನಾದಲ್ಲಿ ಈ ಅಪಾಯ ಫೈಜರ್‌ಗಿಂತ ಹೆಚ್ಚು ಕಂಡದ್ದರಿಂದ 2021ರ ಅಕ್ಟೋಬರಿನಲ್ಲಿ ಸ್ವೀಡನ್, ಫಿನ್‌ಲ್ಯಾಂಡ್ ಯುವಕರಿಗೆ ಅದನ್ನು ನಿಲ್ಲಿಸಿದವು. ಡೋಸುಗಳ ನಡುವೆ ಹೆಚ್ಚು ವಾರ ಬಿಟ್ಟರೂ ಅಪಾಯ ಇಳಿಯುತ್ತದೆ.

ಪೋಲಿಯೊದಲ್ಲಿ ಲಸಿಕೆಯ ಅಪಾಯ ಬದಲಾಗದೆಯೇ ತೀರ್ಪು ಬದಲಾಯಿತು. ಹನಿಯಿಂದ ಪಾರ್ಶ್ವವಾಯು ಬರುವುದು ಸುಮಾರು 27 ಲಕ್ಷ ಮೊದಲ ಡೋಸಿಗೆ ಒಮ್ಮೆ. ಪೋಲಿಯೊ ಹರಡುತ್ತಿರುವ ಕಡೆ ಇದು ಲೆಕ್ಕಕ್ಕೇ ಬರುವುದಿಲ್ಲ, ಮೇಲಾಗಿ ಕರುಳಿನಲ್ಲಿ ವೈರಸ್ಸನ್ನು ತಡೆಯುವುದರಲ್ಲಿ ಹನಿಗೆ ಸಾಟಿಯಿಲ್ಲ. ಅಮೆರಿಕದೊಳಗೆ ಹರಡಿದ ಕೊನೆಯ ಸಹಜ ಪೋಲಿಯೊ 1979ರದ್ದು. ಆಮೇಲೂ ಹನಿಯಿಂದಲೇ ವರ್ಷಕ್ಕೆ ಎಂಟು ಹತ್ತು ಮಂದಿಗೆ ಪಾರ್ಶ್ವವಾಯು ಬರುತ್ತಿತ್ತು. ತಕ್ಕಡಿಯ ಆ ಕಡೆ ಖಾಲಿಯಾದ ಮೇಲೆ ಈ ಕಡೆಯ ಸಣ್ಣ ಕಲ್ಲೂ ಭಾರ. 2000ದಿಂದ ಅಲ್ಲಿ ಸತ್ತ ವೈರಸ್ಸಿನ ಚುಚ್ಚುಮದ್ದು ಮಾತ್ರ.

ಯಾವುದನ್ನೇ ಹಾಕಿಸಿಕೊಳ್ಳಿ, ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನ, ಗಂಟೆ ಬರೆದಿಟ್ಟುಕೊಳ್ಳಿ. ಕಾರ್ಡಿನ ಫೋಟೋ ತೆಗೆದುಕೊಂಡರೂ ಆಯಿತು. ಆಮೇಲೆ ಏನಾದರೂ ಆದರೆ ಅದು ಯಾವಾಗ ಶುರುವಾಯಿತು, ಅದೇ ವಾರ ಬೇರೆ ಏನು ಔಷಧಿ ತೆಗೆದುಕೊಂಡಿರಿ, ಜ್ವರ ಎಷ್ಟಿತ್ತು ಅಂತಲೂ ಬರೆದು, ವೈದ್ಯರಿಗೆ ತೋರಿಸಿ ವರದಿ ಹಾಕಿಸಿ. ಅದು ಲಸಿಕೆಯಿಂದಲೇ ಅಂತ ನಿಮಗೆ ಖಾತ್ರಿ ಇರಬೇಕಾಗಿಲ್ಲ. ರೋಟಾಶೀಲ್ಡ್‌ನ ಆ 15 ವರದಿ ಹಾಕಿದವರಿಗೂ ಇರಲಿಲ್ಲ.